ಸಹಿ ಬಿದ್ದ ಕಡೆ, ಬೀಳದ ಕಡೆ: ವ್ಯಾಂಕೂವರ್ ಒಲಿಂಪಿಕ್ಸ್ 2010

2010ರ ಫೆಬ್ರವರಿ 12ರ ಸಂಜೆ. ಕೆನಡಾದ ಪಶ್ಚಿಮ ಕರಾವಳಿಯ ವ್ಯಾಂಕೂವರ್ ನಗರದ ಬಿ.ಸಿ. ಪ್ಲೇಸ್ ಕ್ರೀಡಾಂಗಣದಲ್ಲಿ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆ. ನೆಲದೊಳಗಿಂದ ನಾಲ್ಕು ದೈತ್ಯ ಮೂರ್ತಿಗಳು ನಿಧಾನವಾಗಿ ಮೇಲೆದ್ದು ನಿಂತವು, ಎರಡೂ ತೋಳು ಚಾಚಿ ಬಂದವರನ್ನು ಬರಮಾಡಿಕೊಳ್ಳುವ ಭಂಗಿಯಲ್ಲಿ. ಕಡಲತೀರದ ಸೇಲಿಶ್ ಜನ ದೋಣಿಯಲ್ಲಿ ಬರುವವರಿಗೆ ದೂರದಿಂದಲೇ ಕಾಣಲೆಂದು ದಡದಲ್ಲಿ ನಿಲ್ಲಿಸುವ ಸ್ವಾಗತದ ಮರದ ಮೂರ್ತಿಗಳ ಮಾದರಿ ಅದು. ಮಸ್ಕ್ವಿಯಮ್, ಸ್ಕ್ವಾಮಿಶ್, ಸ್ಲೇ-ವಾಟೂತ್, ಲಿಲ್‌ವಾಟ್ ಎಂಬ ನಾಲ್ಕು ಮೂಲನಿವಾಸಿ ಜನಾಂಗಗಳ ಪ್ರತಿನಿಧಿಗಳು ತಮ್ಮ ತಮ್ಮ ನುಡಿಯಲ್ಲಿ ಜಗತ್ತಿಗೆ ಸ್ವಾಗತ ಹೇಳಿದರು. ಆಮೇಲೆ ಕೆನಡಾದ ಮೂಲೆಮೂಲೆಯಿಂದ ಬಂದಿದ್ದ ಸುಮಾರು 300 ಯುವ ಕುಣಿತಗಾರರು ಅಂಗಳ ತುಂಬಿದರು. ದೇಶದೇಶದ ಆಟಗಾರರ ಮೆರವಣಿಗೆ ಸಾಗುವಾಗಲೂ ಅವರ ಕುಣಿತ ನಡೆದೇ ಇತ್ತು.

ಅಂಗಳದ ಮೇಲಿನ ಕಟ್ಟೆಯಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ಪ್ರಧಾನಿ ಸ್ಟೀಫನ್ ಹಾರ್ಪರ್, ಗವರ್ನರ್ ಜನರಲ್ ಮಿಶೆಲ್ ಜಾನ್, ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷ ಜಾಕ್ ರೋಗ್ ಕೂತಿದ್ದ ಗಣ್ಯರ ಸಾಲಿನಲ್ಲಿ ಆ ನಾಲ್ಕು ಜನಾಂಗಗಳ ನಾಯಕರಿಗೂ ದೇಶದ ಮುಖ್ಯಸ್ಥರಿಗೆ ಸಲ್ಲುವ ಮರ್ಯಾದೆಯೊಡನೆ ಆಸನ ಹಾಕಲಾಗಿತ್ತು. ಮೂಲನಿವಾಸಿಗಳನ್ನು ಅಧಿಕೃತ ಆತಿಥೇಯ ಪಾಲುದಾರರೆಂದು ಒಲಿಂಪಿಕ್ಸ್ ಒಪ್ಪಿಕೊಂಡದ್ದು ಅದೇ ಮೊದಲು.

ಆ ಕುಣಿತ ಮತ್ತು ಆ ಆಸನ ಎರಡನ್ನೂ ಒಟ್ಟಿಗೆ ನೋಡಬೇಕೆಂಬುದು ನನ್ನ ಹಟ. ಆತಿಥೇಯ ದೇಶ ತನ್ನ ನೆಲದ ಮೊದಲ ಜನರನ್ನು ಜಗತ್ತಿಗೆ ಹೇಗೆ ತೋರಿಸುತ್ತದೆ ಎಂಬ ಚರ್ಚೆ ಸಾಮಾನ್ಯವಾಗಿ ಕುಣಿತದಲ್ಲೇ ಶುರುವಾಗಿ ಅಲ್ಲೇ ಮುಗಿಯುತ್ತದೆ: ವೇಷ ಸರಿಯಿತ್ತೇ, ಹಾಡು ಯಾರದ್ದು, ಎಷ್ಟು ನಿಮಿಷ ಕೊಟ್ಟರು. ವ್ಯಾಂಕೂವರ್‌ನಲ್ಲಿ ಕಾಗದಪತ್ರಗಳೂ ಇದ್ದವು. ಯಾವ ವಿಷಯಕ್ಕೆ ಮೊದಲೇ ಕೂತು ಮಾತಾಡಿ ಸಹಿ ಮಾಡಿದ್ದರು, ಯಾವುದಕ್ಕೆ ಮಾಡಿರಲಿಲ್ಲ ಎಂಬುದು ದಾಖಲೆಯಲ್ಲಿದೆ. ಅದನ್ನು ಹಿಡಿದು ಹೊರಟರೆ ಒಂದೇ ಕ್ರೀಡಾಕೂಟದೊಳಗೆ ಮರ್ಯಾದೆಯೂ ಅವಮರ್ಯಾದೆಯೂ ಹೇಗೆ ಅಕ್ಕಪಕ್ಕ ಇದ್ದವೆಂಬುದು ಗೊತ್ತಾಗುತ್ತದೆ.

ಹಿಂದಿನ ಎರಡು ಕೂಟ

ಮೊದಲು ಕುಣಿತದ ಹಿಂದಿನ ಕಥೆ. 1885ರಿಂದ 1951ರವರೆಗೆ ಈ ಕರಾವಳಿಯ ಪಾಟ್‌ಲ್ಯಾಚ್ ಎಂಬ ಆಚರಣೆ ಕೆನಡಾ ಕಾನೂನಿನ ಪ್ರಕಾರ ಅಪರಾಧವಾಗಿತ್ತು. ಮನೆತನದ ಹೆಸರು, ಹಾಡು, ಕುಣಿತ, ಮುಖವಾಡಗಳ ಹಕ್ಕು ಯಾರದೆಂದು ನಾಲ್ಕು ಜನರ ಸಮ್ಮುಖದಲ್ಲಿ ತೀರ್ಮಾನವಾಗುತ್ತಿದ್ದದ್ದು ಆ ಔತಣದಲ್ಲೇ. ಜನರನ್ನು ಜೈಲಿಗೆ ಹಾಕಿದರು, ಮುಖವಾಡಗಳನ್ನು ಕಿತ್ತುಕೊಂಡು ವಸ್ತುಸಂಗ್ರಹಾಲಯಗಳಿಗೆ ಸಾಗಿಸಿದರು. ಮಕ್ಕಳನ್ನು ವಸತಿ ಶಾಲೆಗೆ ಎಳೆದೊಯ್ದು ಮನೆಮಾತು ಆಡಿದ್ದಕ್ಕೆ ಹೊಡೆದರು. ಆ ಶಾಲೆಗಳಿಗಾಗಿ ಕೆನಡಾ ಸರ್ಕಾರ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2008ರ ಜೂನ್ 11ರಂದು, ಉದ್ಘಾಟನೆಗೆ ಎರಡು ವರ್ಷವೂ ಇಲ್ಲದಿದ್ದಾಗ. ಬಿ.ಸಿ. ಪ್ಲೇಸ್‌ನಲ್ಲಿ ಮೊಮ್ಮಕ್ಕಳು ಕುಣಿಯುವುದನ್ನು ಟಿವಿಯಲ್ಲಿ ನೋಡಿದ ಅಜ್ಜಿಯರಲ್ಲಿ, ಕುಣಿದರೆ ಪೊಲೀಸರು ಬರುತ್ತಾರೆಂಬ ಕಾಲವನ್ನು ಕಂಡವರು ಇನ್ನೂ ಇದ್ದರು. ಆ ರಾತ್ರಿಯನ್ನು ಬರೀ ತೋರಿಕೆ ಎಂದು ತಳ್ಳಿಹಾಕುವವರು ಈ ಮಾತನ್ನು ಮರೆಯಬಾರದು.

ಕೆನಡಾದಲ್ಲಿ ಅದಕ್ಕೂ ಮೊದಲು ಎರಡು ಒಲಿಂಪಿಕ್ಸ್ ನಡೆದಿದ್ದವು. 1976ರ ಮಾಂಟ್ರಿಯಲ್ ಸಮಾರೋಪದಲ್ಲಿ ಮೂಲನಿವಾಸಿಗಳ ಮೆರವಣಿಗೆ ಇತ್ತು. ಆದರೆ ಅದರಲ್ಲಿ ಮೂಲನಿವಾಸಿಗಳ ಜೊತೆ ಅವರಂತೆ ಬಣ್ಣ ಬಳಿದು ಗರಿ ಸಿಕ್ಕಿಸಿಕೊಂಡ ಬೇರೆ ಕುಣಿತಗಾರರೂ ದೊಡ್ಡ ಸಂಖ್ಯೆಯಲ್ಲಿದ್ದರು. ನೋಡುವವರಿಗೆ ಯಾರು ಯಾರೆಂದು ತಿಳಿಯುವಂತಿರಲಿಲ್ಲ, ತಿಳಿಯಬೇಕೆಂದು ಆಯೋಜಕರಿಗೆ ಅನ್ನಿಸಿರಲೂ ಇಲ್ಲ.

1988ರ ಕ್ಯಾಲ್ಗರಿ ಚಳಿಗಾಲದ ಕೂಟದ ಕಥೆ ಇನ್ನೂ ಕಟು. ಒಲಿಂಪಿಕ್ಸ್ ಜೊತೆಗೆ ಅಲ್ಲಿನ ಗ್ಲೆನ್‌ಬೋ ವಸ್ತುಸಂಗ್ರಹಾಲಯ ಮೂಲನಿವಾಸಿ ಕಲೆಯ ಭಾರಿ ಪ್ರದರ್ಶನ ಏರ್ಪಡಿಸಿತ್ತು. ಮುಖ್ಯ ಪ್ರಾಯೋಜಕರು ಶೆಲ್ ತೈಲ ಕಂಪನಿ. ಅದೇ ಹೊತ್ತಿಗೆ ಉತ್ತರ ಆಲ್ಬರ್ಟಾದಲ್ಲಿ ಲುಬಿಕಾನ್ ಲೇಕ್ ಕ್ರೀ ಜನ ತಮ್ಮದೆಂದು ಹಕ್ಕು ಹೇಳುತ್ತಿದ್ದ ಕಾಡಿನಲ್ಲಿ ತೈಲ ಬಾವಿಗಳನ್ನು ಕೊರೆಯಲಾಗುತ್ತಿತ್ತು, ಕೊರೆಯುತ್ತಿದ್ದ ಕಂಪನಿಗಳಲ್ಲಿ ಶೆಲ್ ಕೂಡ ಒಂದು. ಲುಬಿಕಾನ್ ನಾಯಕ ಬರ್ನಾರ್ಡ್ ಒಮಿನಾಯಕ್ ಬಹಿಷ್ಕಾರಕ್ಕೆ ಕರೆ ಕೊಟ್ಟರು, ಹೊರದೇಶದ ಹಲವು ವಸ್ತುಸಂಗ್ರಹಾಲಯಗಳು ವಸ್ತು ಕಳಿಸಲು ನಿರಾಕರಿಸಿದವು. ಆ ಜಗಳದಿಂದಲೇ ಕೆನಡಾದ ವಸ್ತುಸಂಗ್ರಹಾಲಯಗಳೂ ಮೂಲನಿವಾಸಿಗಳ ರಾಷ್ಟ್ರೀಯ ಸಂಘಟನೆಯೂ ಒಟ್ಟಿಗೆ ಕೂತು 1992ರಲ್ಲಿ ಹೊಸ ನಡಾವಳಿ ಬರೆದುಕೊಂಡವು. ಜಗತ್ತು ನೋಡುತ್ತಿರುವಾಗ ಸರ್ಕಾರದ ಮುಜುಗರವೇ ಬಡವನ ಕೈಯ ಅಸ್ತ್ರವಾಗುತ್ತದೆ ಎಂಬುದನ್ನು ಮುಂದಿನ ಪೀಳಿಗೆಯ ನಾಯಕರು ಕಲಿತದ್ದು ಕ್ಯಾಲ್ಗರಿಯಲ್ಲೇ ಎಂದು ನನ್ನ ಎಣಿಕೆ.

ಮಾರಿರದ ನೆಲ

ವ್ಯಾಂಕೂವರ್ ಬೇರೆಯಾದದ್ದು ನೆಲದ ಕಾರಣಕ್ಕೆ. ಕೆನಡಾದ ಬೇರೆ ಹಲವು ಪ್ರಾಂತ್ಯಗಳಲ್ಲಿ ಸರ್ಕಾರ ಹೇಗೋ ಒಪ್ಪಂದಗಳನ್ನು ಬರೆಸಿಕೊಂಡು ನೆಲ ತೆಗೆದುಕೊಂಡಿತ್ತು. ವ್ಯಾಂಕೂವರ್ ನಗರವಿರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ, ಎದುರಿನ ವ್ಯಾಂಕೂವರ್ ದ್ವೀಪದ ಕೆಲವು ತುಂಡುಗಳು ಮತ್ತು ಈಶಾನ್ಯ ಮೂಲೆ ಬಿಟ್ಟರೆ ಅಂಥ ಒಪ್ಪಂದಗಳೇ ಆಗಿರಲಿಲ್ಲ. ಹಾಗೆಂದರೆ ವ್ಯಾಂಕೂವರ್ ನಗರ ನಿಂತ ನೆಲವನ್ನಾಗಲಿ, ಸ್ಕೀ ಸ್ಪರ್ಧೆಗಳು ನಡೆಯಬೇಕಿದ್ದ ವಿಸ್ಲರ್ ಬೆಟ್ಟವನ್ನಾಗಲಿ ಅದರ ಜನ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ, ಮಾರಿರಲಿಲ್ಲ, ಯುದ್ಧದಲ್ಲಿ ಸೋತೂ ಇರಲಿಲ್ಲ. ಸುಮ್ಮನೆ ಊರು ಎದ್ದಿತ್ತು.

1997ರ ಡಿಸೆಂಬರ್‌ನಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಡೆಲ್ಗಮೂಕ್ ಪ್ರಕರಣದಲ್ಲಿ ಮೂಲನಿವಾಸಿಗಳ ಭೂಹಕ್ಕು ಎಂಬುದು ನೆಲದ ಮೇಲಿನ ನಿಜವಾದ ಹಕ್ಕು, ಅದಕ್ಕೆ ಬಾಯಿಮಾತಿನ ಪರಂಪರೆಯೂ ಸಾಕ್ಷ್ಯವಾಗಬಹುದು ಎಂದು ಹೇಳಿತು. 2004ರ ನವೆಂಬರ್ 18ರಂದು ಹೈಡಾ ಜನಾಂಗದ ಪ್ರಕರಣದಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟು, ಹಕ್ಕು ಕೋರ್ಟಿನಲ್ಲಿ ಸಾಬೀತಾಗುವವರೆಗೆ ಕಾಯದೆ ಸರ್ಕಾರ ಆ ಜನರನ್ನು ಕೇಳಲೇಬೇಕು ಎಂದಿತು. ಅದೇ ತಿಂಗಳು ನಾಲ್ಕು ಜನಾಂಗಗಳು ತಮ್ಮತಮ್ಮಲ್ಲಿ ಒಂದು ಒಡಂಬಡಿಕೆಗೆ ಸಹಿ ಹಾಕಿ ‘ನಾಲ್ಕು ಆತಿಥೇಯ ಫಸ್ಟ್ ನೇಷನ್ಸ್’ ಎಂಬ ಒಕ್ಕೂಟ ಕಟ್ಟಿಕೊಂಡವು (ಇನುಯಿಟ್, ಮೇಟಿ ಜನರನ್ನು ಬಿಟ್ಟು ಉಳಿದ ಮೂಲನಿವಾಸಿ ಜನಾಂಗಗಳಿಗೆ ಕೆನಡಾದಲ್ಲಿ ಫಸ್ಟ್ ನೇಷನ್ಸ್ ಎನ್ನುತ್ತಾರೆ; ಇನುಯಿಟ್ ಆರ್ಕ್‌ಟಿಕ್ ಪ್ರದೇಶದವರು, ಮೇಟಿ ಮೂಲನಿವಾಸಿ ಮತ್ತು ಯುರೋಪಿಯನ್ ಮಿಶ್ರ ಮೂಲದವರು). ಇದು ಸುಲಭದ ಕೆಲಸವಾಗಿರಲಿಲ್ಲ. ಈ ಜನಾಂಗಗಳ ನಡುವೆಯೇ ಎಲ್ಲೆಯ ತಕರಾರುಗಳಿವೆ, ಒಂದೇ ಕೊಲ್ಲಿಯನ್ನು ಮೂವರು ತಮ್ಮದೆನ್ನುತ್ತಾರೆ. ಅದನ್ನೆಲ್ಲ ಒತ್ತಟ್ಟಿಗಿಟ್ಟು ಒಂದೇ ಮೇಜಿಗೆ ಬಂದರು. ಒಕ್ಕೂಟದ ಮುಖ್ಯಾಧಿಕಾರಿಯಾದವರು ಸ್ಕ್ವಾಮಿಶ್‌ನ ಟಿವಾನಿ ಜೋಸೆಫ್.

ಇದಕ್ಕೂ ಮೊದಲೇ, 2002ರಲ್ಲಿ, ಆತಿಥ್ಯದ ಬಿಡ್ ಇನ್ನೂ ಗೆದ್ದಿರದ ಹೊತ್ತಿನಲ್ಲಿ ಸ್ಕ್ವಾಮಿಶ್ ಮತ್ತು ಲಿಲ್‌ವಾಟ್ ಜನಾಂಗಗಳು ಪ್ರಾಂತ್ಯ ಸರ್ಕಾರದೊಂದಿಗೆ ಬೇರೆಯೇ ಒಪ್ಪಂದ ಮಾಡಿಕೊಂಡಿದ್ದವು: 300 ಎಕರೆ ನೆಲ, ಯುವಕರ ಕೌಶಲ ತರಬೇತಿಗೆ ಹಣ, ವಿಸ್ಲರ್‌ನಲ್ಲಿ ತಮ್ಮದೇ ಸಂಸ್ಕೃತಿ ಕೇಂದ್ರಕ್ಕೆ 30 ಲಕ್ಷ ಡಾಲರ್. ಆ ಸ್ಕ್ವಾಮಿಶ್ ಲಿಲ್‌ವಾಟ್ ಕೇಂದ್ರ 2008ರಲ್ಲಿ ತೆರೆಯಿತು, ಈಗಲೂ ನಡೆಯುತ್ತಿದೆ. 2003ರ ಜುಲೈ 2ರಂದು ಪ್ರಾಗ್‌ನಲ್ಲಿ ಮತದಾನವಾದಾಗ ವ್ಯಾಂಕೂವರ್ 56 ಮತ, ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್ 53 ಮತ. ಮೂರೇ ಮತದ ಗೆಲುವು. ಮೂಲನಿವಾಸಿಗಳು ಎದುರು ನಿಂತಿದ್ದರೆ ಆ ಮೂರು ಮತ ಎಲ್ಲಿರುತ್ತಿತ್ತು ಎಂಬ ಪ್ರಶ್ನೆ ಆಯೋಜಕರಿಗೂ ಹೊಳೆದಿರಲೇಬೇಕು.

2005ರ ನವೆಂಬರ್ 30ರಂದು ಒಕ್ಕೂಟವೂ ಸಂಘಟನಾ ಸಮಿತಿಯೂ ಪಾಲುದಾರಿಕೆಯ ತತ್ವಗಳ ಪತ್ರಕ್ಕೆ ಸಹಿ ಮಾಡಿದವು. ಉದ್ಘಾಟನೆಯ ಸ್ವಾಗತ, ಗಣ್ಯರ ಕಟ್ಟೆಯ ಆಸನ, ನಗರದ ನಡುವೆ ಎದ್ದ ಮೂಲನಿವಾಸಿ ಮಂಟಪ, ಮಾರಾಟದ ಸರಕಿನಲ್ಲಿ ಪಾಲು ಇವೆಲ್ಲ ಆ ಬಗೆಯ ಮಾತುಕತೆಗಳ ಫಲ. ನಮ್ಮ ಕಡೆ ಹೇಳುವುದಾದರೆ, ಜಗಲಿಯಲ್ಲಿ ಕೂರಿಸಿ ಬೆಲ್ಲ ನೀರು ಕೊಡುವುದು ಬೇರೆ, ನಡುಮನೆಗೆ ಕರೆದು ಲೆಕ್ಕದ ಪುಸ್ತಕ ಮುಂದಿಡುವುದು ಬೇರೆ. ಇಲ್ಲಿ ನಡುಮನೆಯ ಬಾಗಿಲು ಅರ್ಧವಾದರೂ ತೆರೆದಿತ್ತು.

ಲಾಂಛನ

ಆದರೆ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವ ವಸ್ತು, ಕೂಟದ ಲಾಂಛನ, ಆ ಬಾಗಿಲು ತೆರೆಯುವ ಮೊದಲೇ ತೀರ್ಮಾನವಾಗಿಬಿಟ್ಟಿತ್ತು. ತತ್ವಪತ್ರಕ್ಕೆ ಸಹಿ ಬೀಳಲು ಇನ್ನೂ ಏಳು ತಿಂಗಳಿದ್ದಾಗ, 2005ರ ಏಪ್ರಿಲ್ 23ರಂದು, ಅದನ್ನು ಅನಾವರಣ ಮಾಡಿದರು. ಸುಮಾರು 1,600 ನಮೂನೆಗಳಿಂದ ಆಯ್ದದ್ದು: ಹಸಿರು, ನೀಲಿ, ಕೆಂಪು, ಹಳದಿ ಕಲ್ಲುಗಳನ್ನು ಪೇರಿಸಿ ಮಾಡಿದ, ಕೈ ಚಾಚಿ ನಗುವ ಮನುಷ್ಯಾಕೃತಿ. ಹೆಸರು ಇಲಾನಾಕ್, ಇನುಕ್ಟಿಟುಟ್ ನುಡಿಯಲ್ಲಿ ಗೆಳೆಯ ಎಂದರ್ಥ.

ನೋಡಲು ಮುದ್ದಾಗಿತ್ತು. ತೊಂದರೆ ಏನೆಂದರೆ ಇನುಕ್ಟಿಟುಟ್ ಆರ್ಕ್‌ಟಿಕ್ ಪ್ರದೇಶದ ಇನುಯಿಟ್ ಜನರ ನುಡಿ. ಇನುಕ್ಷುಕ್ ಎಂಬ ಆ ಕಲ್ಲಿನ ರಾಶಿ ಅವರ ಮರವಿಲ್ಲದ ಹಿಮಬಯಲಿನ ಗುರುತು. ನುನಾವುಟ್ ಪ್ರದೇಶದ ಬಾವುಟದ ಮೇಲೆ ಇರುವುದೂ ಅದೇ. ವ್ಯಾಂಕೂವರ್‌ನ ದೇವದಾರು ಕಾಡಿನ, ಸಾಲ್ಮನ್ ಹೊಳೆಯ ಜನರಿಗೆ ಅದು ಪರವೂರಿನ ವಸ್ತು. ನಗರಕ್ಕೆ ಅದು ಬಂದ ಬಗೆಯೂ ಸ್ವಾರಸ್ಯವಾಗಿದೆ. 1986ರ ಎಕ್ಸ್‌ಪೋ ವಸ್ತುಪ್ರದರ್ಶನದಲ್ಲಿ ವಾಯವ್ಯ ಪ್ರಾಂತ್ಯಗಳ ಮಳಿಗೆಗಾಗಿ ರ‍್ಯಾಂಕಿನ್ ಇನ್ಲೆಟ್‌ನ ಆಲ್ವಿನ್ ಕನಾಕ್ ಒಂದು ಇನುಕ್ಷುಕ್ ಕಟ್ಟಿದ್ದರು. ರ‍್ಯಾಂಕಿನ್ ಇನ್ಲೆಟ್ ವ್ಯಾಂಕೂವರ್‌ನಿಂದ 2,000 ಕಿಲೋಮೀಟರಿಗೂ ದೂರ. ಪ್ರದರ್ಶನ ಮುಗಿದ ಮೇಲೆ ಆ ಕಲ್ಲುಗಳನ್ನು ಇಂಗ್ಲಿಷ್ ಬೇ ದಡದಲ್ಲಿ ನಿಲ್ಲಿಸಿದರು. ವಲಸಿಗರಿಗೆ, ಪ್ರವಾಸಿಗರಿಗೆ ಅದೇ ನಗರದ ಗುರುತಾಗಿ ಬೆಳೆಯಿತು, ಲಾಂಛನ ಮಾಡಿದವರ ಕಣ್ಣಿಗೆ ಬಿದ್ದದ್ದೂ ಅದೇ.

ಇನುಯಿಟ್ ಕಡೆಯಿಂದ ಬಂದ ಆಕ್ಷೇಪ ಕಿವಿಗೊಟ್ಟು ಕೇಳುವಂಥದ್ದು. ನುನಾವುಟ್‌ನ ಹಿಂದಿನ ಕಮಿಷನರ್ ಪೀಟರ್ ಇರ್ನಿಕ್ ಸಾರ್ವಜನಿಕವಾಗಿಯೇ ಇದನ್ನು ಟೀಕಿಸಿದರು. ಅವರ ಜನರಲ್ಲಿ ಈ ಕಲ್ಲಿನ ಗುರುತುಗಳಿಗೆ ಬೇರೆಬೇರೆ ಬಗೆ, ಬೇರೆಬೇರೆ ಅರ್ಥಗಳಿವೆ: ದಾರಿ ತೋರುವುದು, ಬೇಟೆಯ ತಾವು ತಿಳಿಸುವುದು, ಆಹಾರ ಹೂತಿಟ್ಟ ಜಾಗ ಹೇಳುವುದು. ಕೈಕಾಲು ತಲೆ ಇರುವ ಮನುಷ್ಯಾಕೃತಿಗೆ ಅವರು ಇನುಕ್ಷುಕ್ ಎನ್ನುವುದೇ ಇಲ್ಲ, ಇನುಂಗ್ವಾಕ್ ಎನ್ನುತ್ತಾರೆ, ಮನುಷ್ಯನನ್ನು ಹೋಲುವುದು ಎಂಬ ಅರ್ಥದಲ್ಲಿ. ಬಯಲಲ್ಲಿ ಓದಲು ಬರುವವನಿಗೆ ಇನುಕ್ಷುಕ್ ಒಂದು ವಾಕ್ಯ. ಅದನ್ನು ನಗುಮೊಗದ ಬೊಂಬೆ ಮಾಡಿದಾಗ ವಾಕ್ಯ ಅಳಿಸಿ ಅಕ್ಷರದ ಚೆಂದ ಮಾತ್ರ ಉಳಿಯಿತು. ಕರಾವಳಿಯ ನಾಯಕರಲ್ಲಿ ಕೆಲವರು, ನಮ್ಮ ನೆಲದಲ್ಲಿ ಕೂಟ ನಡೆಸುತ್ತ ನಮ್ಮ ಕಲೆಯನ್ನು ಬಿಟ್ಟು ಎಲ್ಲಿಂದಲೋ ಗುರುತು ತಂದದ್ದೇಕೆ ಎಂದು ಕೇಳಿದರು. ಅಲ್ಲಿಯವರಿಗೂ ಒಪ್ಪಲಿಲ್ಲ, ಇಲ್ಲಿಯವರಿಗೂ ಒಪ್ಪಲಿಲ್ಲ.

ಕೆನಡಾ ಎಂಬ ಇಡೀ ದೇಶಕ್ಕೆ ಹೊಂದುವ ಒಂದು ಗುರುತು ಬೇಕಿತ್ತು, ಕೂಟ ನಗರದ್ದಷ್ಟೇ ಅಲ್ಲ ದೇಶದ್ದು, ಎಂಬ ಸಮಜಾಯಿಷಿ ಇತ್ತು. ಆ ವಾದದಲ್ಲೇ ದೋಷ ಅಡಗಿದೆ ಎಂದು ನನಗನ್ನಿಸುತ್ತದೆ. 600ಕ್ಕೂ ಹೆಚ್ಚು ಫಸ್ಟ್ ನೇಷನ್ಸ್, ಅವರಲ್ಲದೆ ಇನುಯಿಟ್, ಮೇಟಿ ಜನ ಎಲ್ಲರನ್ನೂ ‘ಮೂಲನಿವಾಸಿ’ ಎಂಬ ಒಂದೇ ಮೂಟೆಗೆ ತುಂಬಿ, ಅದರೊಳಗಿಂದ ಕಣ್ಣಿಗೆ ಚೆಂದ ಕಂಡದ್ದನ್ನು ಎತ್ತಿಕೊಳ್ಳುವುದೇ ಆ ವಾದದ ತಿರುಳು. ತುಳುನಾಡಿನ ಭೂತದ ಅಣಿಯನ್ನು ಲಡಾಖ್‌ನ ಉತ್ಸವಕ್ಕೆ ಲಾಂಛನ ಮಾಡಿ, ಎರಡೂ ಭಾರತವೇ ತಾನೆ ಎಂದರೆ ಯಾರಿಗೆ ಸಮಾಧಾನವಾದೀತು?

ಪದಕದ ಕಥೆ ಇದಕ್ಕಿಂತ ವಾಸಿ. 615 ಒಲಿಂಪಿಕ್ ಪದಕಗಳ ಮೇಲೂ 399 ಪ್ಯಾರಾಲಿಂಪಿಕ್ ಪದಕಗಳ ಮೇಲೂ ಕ್ವಾಕ್ವಕವಕ್ ಮತ್ತು ಟ್ಲಿಂಗಿಟ್ ಮೂಲದ ಕಲಾವಿದೆ ಕೊರೀನ್ ಹಂಟ್ ಬರೆದ ಚಿತ್ರಗಳಿದ್ದವು, ಒಂದರಲ್ಲಿ ಓರ್ಕಾ ತಿಮಿಂಗಿಲ, ಇನ್ನೊಂದರಲ್ಲಿ ಕಡುಕಾಗೆ. ಇಡೀ ಚಿತ್ರದ ಬೇರೆಬೇರೆ ತುಣುಕು ಒಂದೊಂದು ಪದಕದ ಮೇಲೆ ಬಂದಿತ್ತು, ಎರಡು ಪದಕ ಒಂದೇ ತೆರನಾಗಿರಲಿಲ್ಲ. ಹಂಟ್ ಕೂಡ ನಾಲ್ಕು ಆತಿಥೇಯ ಜನಾಂಗಗಳವರಲ್ಲ. ಆದರೂ ಇಲ್ಲಿ ಕಲೆಗೆ ಒಡತಿಯಿದ್ದಳು, ಅವಳ ಹೆಸರಿತ್ತು, ತನ್ನ ಮನೆತನದ ರೂಪಗಳನ್ನು ಎಷ್ಟು ಬಿಡಿಸಿ ತೋರಿಸಬೇಕೆಂದು ಅವಳೇ ನಿರ್ಧರಿಸಿದ್ದಳು.

ಸ್ವೆಟರ್

2009ರ ಅಕ್ಟೋಬರ್‌ನಲ್ಲಿ ಕೆನಡಾ ತಂಡದ ಉಡುಪು ಹೊರಬಂತು. ಅದರಲ್ಲಿ ದಪ್ಪ ಉಣ್ಣೆಯ, ಬಿಳಿ ಕಂದು ಬಣ್ಣದ, ಜಿಂಕೆಯ ಚಿತ್ತಾರವಿದ್ದ ಒಂದು ಸ್ವೆಟರ್ ಇತ್ತು. ವ್ಯಾಂಕೂವರ್ ದ್ವೀಪದ ಕೌವಿಚನ್ ಜನ ಅದನ್ನು ನೋಡಿದ ಕೂಡಲೇ, ಇದು ನಮ್ಮದು ಎಂದರು.

ಕೌವಿಚನ್ ಸ್ವೆಟರ್‌ಗೆ ಒಂದೂವರೆ ಶತಮಾನದ ಹಿನ್ನೆಲೆಯಿದೆ. ಕೌವಿಚನ್ ಜನರೂ ಸೇರಿದ ಸೇಲಿಶ್ ಬಳಗದ ಹೆಂಗಸರು ಹಿಂದೆ ಬೆಟ್ಟದ ಮೇಕೆಯ ಕೂದಲನ್ನೂ, ಅದಕ್ಕೆಂದೇ ಸಾಕುತ್ತಿದ್ದ ಜೊಂಪು ಕೂದಲಿನ ನಾಯಿಯ ಉಣ್ಣೆಯನ್ನೂ ನೂತು ಕಂಬಳಿ ನೇಯುತ್ತಿದ್ದರು. ಹತ್ತೊಂಬತ್ತನೇ ಶತಮಾನದಲ್ಲಿ ವಲಸಿಗರು ಕುರಿಯನ್ನೂ ಹೆಣಿಗೆ ಕಡ್ಡಿಯನ್ನೂ ತಂದಾಗ ಆ ನೂಲುವ ಕೈಗಳು ಹೊಸ ವಸ್ತುವೊಂದನ್ನು ಹುಟ್ಟಿಸಿದವು. ಬಣ್ಣ ಹಾಕದ ಉಣ್ಣೆ, ಕೈಯಲ್ಲೇ ನೂತ ದಪ್ಪ ನೂಲು, ಮಳೆಹನಿ ಜಾರಿಹೋಗುವಂತೆ ಉಳಿಸಿಕೊಂಡ ಉಣ್ಣೆಯ ಸಹಜ ಜಿಡ್ಡು. ಮನೆಮನೆಗೂ ಅದರದೇ ಚಿತ್ತಾರ. ಗಂಡಸರಿಗೆ ಕೆಲಸ ಸಿಗದ ಕಾಲದಲ್ಲಿ ಎಷ್ಟೋ ಸಂಸಾರಗಳ ಒಲೆ ಉರಿದದ್ದು ಈ ಹೆಣಿಗೆಯಿಂದ. ವ್ಯಾಪಾರಿಗಳು ಕೊಡುತ್ತಿದ್ದ ದರ ಮಾತ್ರ ಯಾವಾಗಲೂ ಕಡಿಮೆ. ಮುಂದೆ ನಕಲಿ ಮಾಲು ತಡೆಯಲು ಅವರು ತಮ್ಮ ಹೆಸರಿಗೆ ಪ್ರಮಾಣೀಕರಣ ಮುದ್ರೆಯನ್ನೂ ನೋಂದಾಯಿಸಿಕೊಂಡರು. ಚನ್ನಪಟ್ಟಣದ ಬೊಂಬೆಗೆ ಭೌಗೋಳಿಕ ಗುರುತು ಯಾಕೆ ಬೇಕಾಯಿತೆಂದು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತಂಡದ ಉಡುಪಿನ ಹಕ್ಕು ಪಡೆದಿದ್ದು ಹಡ್ಸನ್ಸ್ ಬೇ ಕಂಪನಿ. 1670ರಲ್ಲಿ ತುಪ್ಪಳದ ವ್ಯಾಪಾರಕ್ಕೆಂದು ಹುಟ್ಟಿ, 1843ರಲ್ಲಿ ಇದೇ ದ್ವೀಪದಲ್ಲಿ ವಿಕ್ಟೋರಿಯಾ ಕೋಟೆ ಕಟ್ಟಿದ ಕಂಪನಿ. ಕೌವಿಚನ್ ಹೆಣಿಗೆಗಾರ್ತಿಯರ ಜೊತೆ ಮೊದಲು ಮಾತುಕತೆಯೂ ಆಗಿತ್ತು. ಅಷ್ಟು ಸಂಖ್ಯೆಯಲ್ಲಿ, ಹೇಳಿದ ಹೊತ್ತಿಗೆ ಕೈಹೆಣಿಗೆಯ ಮಾಲು ಸಿಗದು ಎಂದು ಕಂಪನಿ ಬೇರೆ ಕಡೆ ಮಾಡಿಸಿತು. ನಮ್ಮ ವಿನ್ಯಾಸ ಕೌವಿಚನ್ ಅಲ್ಲ ಎಂಬುದು ಅದರ ನಿಲುವು. ಅಳತೆಗೋಲು ಹಿಡಿದು ನೋಡಿದರೆ ಹೊಲಿಗೆ ಹೆಣಿಗೆಯಲ್ಲಿ ವ್ಯತ್ಯಾಸಗಳಿದ್ದವು, ನಿಜ. ಆದರೆ ರಸ್ತೆಯಲ್ಲಿ ಹೋಗುವ ಯಾವ ಕೆನಡಿಯನ್ನನಿಗೆ ತೋರಿಸಿದರೂ ಅವನ ಬಾಯಲ್ಲಿ ಬರುತ್ತಿದ್ದ ಹೆಸರು ಒಂದೇ.

ಕೌವಿಚನ್ ನಾಯಕಿ ಲಿಡಿಯಾ ಹ್ವಿಟ್ಸಮ್ ಬಹಿರಂಗವಾಗಿ ಪ್ರಶ್ನೆ ಎತ್ತಿದರು. ಅಕ್ಟೋಬರ್ 30ರಂದು ವಿಕ್ಟೋರಿಯಾದಲ್ಲಿ ಒಲಿಂಪಿಕ್ ಜ್ಯೋತಿಯ ಓಟ ಶುರುವಾಗುವುದಿತ್ತು: 106 ದಿನ, 45,000 ಕಿಲೋಮೀಟರ್, ನೂರಕ್ಕೂ ಹೆಚ್ಚು ಮೂಲನಿವಾಸಿ ಊರುಗಳ ಮೂಲಕ. ಮೊದಮೊದಲ ದಿನಗಳಲ್ಲೇ ಅದು ಕೌವಿಚನ್ ಸೀಮೆಯನ್ನು ಹಾಯಬೇಕಿತ್ತು. ಅಲ್ಲಿ ಪ್ರತಿಭಟನೆಯ ಮಾತು ಕೇಳಿಬಂದ ಕೂಡಲೇ ರಾಜಿಯೂ ಆಯಿತು. ವ್ಯಾಂಕೂವರ್‌ನ ಕಂಪನಿಯ ದೊಡ್ಡ ಮಳಿಗೆಯಲ್ಲಿ ಮತ್ತು ಮೂಲನಿವಾಸಿ ಮಂಟಪದಲ್ಲಿ ಅಸಲಿ ಕೌವಿಚನ್ ಸ್ವೆಟರ್‌ಗಳೂ ಮಾರಾಟಕ್ಕೆ ಇರಲಿ ಎಂದಾಯಿತು. ಇದರಲ್ಲಿ ಗೆಲುವು ಎಷ್ಟು? ಒಂದಿಷ್ಟು ಹೆಣಿಗೆಗಾರ್ತಿಯರಿಗೆ ಒಂದಿಷ್ಟು ಸಂಪಾದನೆ. ಜಗತ್ತಿನ ಟಿವಿಗಳಲ್ಲಿ ಆಟಗಾರರ ಮೈಮೇಲೆ ಕಂಡದ್ದು ಮಾತ್ರ ಇನ್ನೊಂದು. ಇಲ್ಲೂ ಅದೇ ಸೂತ್ರ ಕೆಲಸ ಮಾಡಿತ್ತು. ಕೌವಿಚನ್ ಜನ ನಾಲ್ಕು ಆತಿಥೇಯ ಜನಾಂಗಗಳಲ್ಲಿ ಸೇರಿರಲಿಲ್ಲ, ಯಾವ ಒಪ್ಪಂದದಲ್ಲೂ ಅವರ ಸಹಿ ಇರಲಿಲ್ಲ.

ಬಾಗಿಲ ಹೊರಗಿದ್ದವರು

ನಾಲ್ಕು ಜನಾಂಗಗಳ ಆಡಳಿತ ಮಂಡಳಿಗಳು ಒಪ್ಪಿದವೆಂದರೆ ಎಲ್ಲರೂ ಒಪ್ಪಿದರೆಂದಲ್ಲ. ‘ಕದ್ದ ನೆಲದಲ್ಲಿ ಒಲಿಂಪಿಕ್ಸ್ ಬೇಡ’ ಎಂಬ ಘೋಷಣೆ ವರ್ಷಗಟ್ಟಲೆ ನಡೆಯಿತು. ಅದನ್ನು ಕೂಗಿದವರಲ್ಲಿ ಮೂಲನಿವಾಸಿಗಳೇ ಮುಂದಿದ್ದರು. ಉದ್ಘಾಟನೆಯ ರಾತ್ರಿಯೂ ಕ್ರೀಡಾಂಗಣದ ಹೊರಗೆ ಅವರ ಮೆರವಣಿಗೆ ಬಂದು ಪೊಲೀಸರ ಸಾಲಿಗೆ ಎದುರಾಗಿ ನಿಂತಿತ್ತು. ಒಳಗೆ ಹೋದವರ ಮಾತು: ಕೂಟ ಹೇಗೂ ನಡೆದೇ ನಡೆಯುತ್ತದೆ, ಹೊರಗೆ ನಿಂತು ಬೈಯುವುದಕ್ಕಿಂತ ಒಳಗೆ ಕೂತು ನಮ್ಮ ಪಾಲು ಕೇಳೋಣ. ಹೊರಗಿದ್ದವರ ಮಾತು: ನೆಲದ ಪ್ರಶ್ನೆ ತೀರದೆ ನಾವು ಸ್ವಾಗತ ಹೇಳಿದರೆ, ಎಲ್ಲ ಸರಿಯಿದೆ ಎಂದು ನಾವೇ ಜಗತ್ತಿಗೆ ಸಾಕ್ಷಿ ನುಡಿದಂತೆ. ಎರಡೂ ಅನುಭವದಿಂದ ಬಂದ ಮಾತು. ನನಗೆ ಒಳಗೆ ಹೋದವರ ಲೆಕ್ಕಾಚಾರ ಹೆಚ್ಚು ಗಟ್ಟಿಯಾಗಿ ಕಾಣುತ್ತದೆ, ಆದರೆ ಹೊರಗೆ ಗದ್ದಲ ಇರದಿದ್ದರೆ ಒಳಗಿನವರ ಮಾತಿಗೆ ಅಷ್ಟು ಬೆಲೆ ಬರುತ್ತಿರಲಿಲ್ಲ ಎಂದೂ ಅನ್ನಿಸುತ್ತದೆ.

ಹೊರಗಿದ್ದವರಲ್ಲಿ ಹ್ಯಾರಿಯೆಟ್ ನಹಾನೀ ಒಬ್ಬರು. ವಸತಿ ಶಾಲೆಯನ್ನು ಕಂಡು ಬದುಕಿ ಬಂದವರು, ಅಲ್ಲಿನ ಕ್ರೌರ್ಯವನ್ನು ಬಾಯಿಬಿಟ್ಟು ಹೇಳಿದ ಮೊದಲಿಗರಲ್ಲಿ ಒಬ್ಬರು. ಒಲಿಂಪಿಕ್ಸ್‌ಗೆಂದು ವ್ಯಾಂಕೂವರ್‌ನಿಂದ ವಿಸ್ಲರ್‌ವರೆಗಿನ ಹೆದ್ದಾರಿಯನ್ನು ಅಗಲ ಮಾಡುವಾಗ ಈಗಲ್‌ರಿಡ್ಜ್ ಬ್ಲಫ್ಸ್ ಎಂಬ ಬಂಡೆಗುಡ್ಡವನ್ನು ಒಡೆಯುವುದನ್ನು ತಡೆಯಲು 2006ರಲ್ಲಿ ಅಡ್ಡ ನಿಂತರು, ಬಂಧನವಾಯಿತು. ನ್ಯಾಯಾಲಯದ ಆದೇಶ ಮೀರಿದ್ದಕ್ಕೆ 2007ರ ಜನವರಿಯಲ್ಲಿ 14 ದಿನಗಳ ಸಜೆ. ಆಗಲೇ ಅವರಿಗೆ 71 ವರ್ಷ, ಆರೋಗ್ಯ ಚೆನ್ನಾಗಿರಲಿಲ್ಲ. ಬಿಡುಗಡೆಯಾದ ಮೇಲೆ ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿ ಫೆಬ್ರವರಿ 24ರಂದು ತೀರಿಕೊಂಡರು. ಕೆಲವೇ ದಿನಗಳಲ್ಲಿ ವ್ಯಾಂಕೂವರ್ ನಗರಸಭೆಯ ಎದುರು ಹಾರುತ್ತಿದ್ದ ಒಲಿಂಪಿಕ್ ಬಾವುಟ ಕಾಣೆಯಾಯಿತು. ಆಮೇಲೆ ಹೊರಬಂದ ಚಿತ್ರದಲ್ಲಿ ಮುಖ ಮುಚ್ಚಿಕೊಂಡವರು ಆ ಬಾವುಟದ ಮುಂದೆ ನಿಂತು ನಹಾನೀ ಅವರ ಭಾವಚಿತ್ರ ಹಿಡಿದಿದ್ದರು.

ಜ್ಯೋತಿ ಬೆಳಗಿಸಿದ ಘಳಿಗೆಯನ್ನೂ ಇಲ್ಲಿ ನೆನೆಯಬೇಕು. ಸಿಡ್ನಿ 2000ರಲ್ಲಿ ಆ ಗೌರವ ಆಸ್ಟ್ರೇಲಿಯಾದ ಮೂಲನಿವಾಸಿ ಓಟಗಾರ್ತಿ ಕ್ಯಾಥಿ ಫ್ರೀಮನ್‌ಗೆ ಸಂದಿತ್ತು. ವ್ಯಾಂಕೂವರ್‌ನಲ್ಲಿ ಕೆನಡಾದ ನಾಲ್ವರು ಹೆಸರಾಂತ ಆಟಗಾರರಿಗೆ ಹಂಚಿದರು: ವೇಯ್ನ್ ಗ್ರೆಟ್ಸ್‌ಕಿ, ಸ್ಟೀವ್ ನ್ಯಾಶ್, ಕ್ಯಾಟ್ರಿಯೋನಾ ಲೆ ಮೇ ಡೋನ್, ನ್ಯಾನ್ಸಿ ಗ್ರೀನ್. ನಾಲ್ವರಲ್ಲಿ ಒಬ್ಬರೂ ಮೂಲನಿವಾಸಿಗಳಲ್ಲ. ನ್ಯಾನ್ಸಿ ಗ್ರೀನ್ 1968ರ ಸ್ಕೀ ಚಾಂಪಿಯನ್, ದೇಶ ಮೆಚ್ಚಿದ ಆಟಗಾರ್ತಿ. ಜೊತೆಗೆ, ಸ್ಟಾಟ್ಲಿಯಂ ಎಂಬ ಮೂಲನಿವಾಸಿ ಜನರ ಸೀಮೆಯ ಮೆಲ್ವಿನ್ ಕ್ರೀಕ್ ಕಣಿವೆಯಲ್ಲಿ ಸ್ಕೀ ರೆಸಾರ್ಟ್ ಕಟ್ಟುವ ಯೋಜನೆ ಮುಂದಿಟ್ಟಿದ್ದವರೂ ಅವರೇ. ಅದನ್ನು ತಡೆಯಲು ಸ್ಟಾಟ್ಲಿಯಂ ಜನ 2000ದಲ್ಲಿ ಆ ಕಣಿವೆಯಲ್ಲಿ ಬಿಡಾರ ಹೂಡಿದ್ದರು, ರೆಸಾರ್ಟ್ ಮೇಲೇಳಲೇ ಇಲ್ಲ. ಆತಿಥೇಯ ಲಿಲ್‌ವಾಟ್ ಜನರೂ ಸ್ಟಾಟ್ಲಿಯಂ ಬಳಗದವರೇ. ಇದನ್ನು ಬಲ್ಲವರು ಆ ರಾತ್ರಿ ಜ್ವಾಲೆಯನ್ನು ಯಾವ ಮನಸ್ಸಿನಿಂದ ನೋಡಿದರೋ.

ಫೆಬ್ರವರಿ 14, ಕೂಟದ ಮೂರನೇ ದಿನ, ಡೌನ್‌ಟೌನ್ ಈಸ್ಟ್‌ಸೈಡ್ ಬಡಾವಣೆಯಲ್ಲಿ ಪ್ರತಿ ವರ್ಷದಂತೆ ಹೆಂಗಸರ ಸ್ಮರಣೆಯ ನಡಿಗೆ ನಡೆಯಿತು. ಕಾಣೆಯಾದ, ಕೊಲೆಯಾದ ಹೆಣ್ಣುಮಕ್ಕಳ ಹೆಸರು ಹೇಳುತ್ತ, ಅವರು ಕೊನೆಗೆ ಕಂಡ ಜಾಗಗಳಲ್ಲಿ ನಿಂತು ಹೂವಿಡುವ ನಡಿಗೆ ಅದು. ಸತ್ತವರಲ್ಲಿ ಬಹಳಷ್ಟು ಮಂದಿ ಮೂಲನಿವಾಸಿಗಳು. ಒಲಿಂಪಿಕ್ಸ್ ಇದೆ, ಈ ವರ್ಷ ಬಿಡೋಣ ಎಂದು ಆ ತಾಯಂದಿರು ಹೇಳಲಿಲ್ಲ. ಬಿ.ಸಿ. ಪ್ಲೇಸ್‌ನಿಂದ ಆ ಬೀದಿಗಳಿಗೆ ನಡೆದು ಹೋಗುವಷ್ಟೇ ದೂರ.

ಇನ್ನೂ ಒಂದು ತಾರೀಖು. ಮೂಲನಿವಾಸಿಗಳ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಘೋಷಣೆಯನ್ನು 2007ರ ಸೆಪ್ಟೆಂಬರ್‌ನಲ್ಲಿ ಮತಕ್ಕೆ ಹಾಕಿದಾಗ ವಿರೋಧಿಸಿದ ನಾಲ್ಕೇ ದೇಶಗಳಲ್ಲಿ ಕೆನಡಾ ಒಂದು. ಅದಕ್ಕೆ ಬೆಂಬಲ ಸೂಚಿಸಿದ್ದು 2010ರ ನವೆಂಬರ್‌ನಲ್ಲಿ. ನಾಲ್ಕು ಮೂರ್ತಿಗಳು ತೋಳು ಚಾಚಿ ನಿಂತ ಆ ರಾತ್ರಿ ಕೆನಡಾದ ಅಧಿಕೃತ ಮತ ಇನ್ನೂ ‘ಇಲ್ಲ’ ಎಂದೇ ಇತ್ತು.

ಮತ್ತೊಂದು ಬಿಡ್

2014ರಲ್ಲಿ ವ್ಯಾಂಕೂವರ್ ನಗರಸಭೆ, ತಾನು ನಿಂತಿರುವುದು ಮಸ್ಕ್ವಿಯಮ್, ಸ್ಕ್ವಾಮಿಶ್, ಸ್ಲೇ-ವಾಟೂತ್ ಜನ ಎಂದೂ ಬಿಟ್ಟುಕೊಡದ ನೆಲದಲ್ಲಿ ಎಂದು ಅಧಿಕೃತವಾಗಿ ಒಪ್ಪಿಕೊಂಡಿತು. ಒಲಿಂಪಿಕ್ಸ್ ಕಾಲದ ಒಡನಾಟ ಅದಕ್ಕೆ ನೆಲ ಹದ ಮಾಡಿತ್ತೆಂದು ನಂಬಲು ನನಗೆ ಅಡ್ಡಿಯಿಲ್ಲ.

2021ರ ಡಿಸೆಂಬರ್‌ನಲ್ಲಿ ಅದೇ ನಾಲ್ಕು ಜನಾಂಗಗಳು ಮತ್ತೆ ಮೇಜಿಗೆ ಬಂದವು. ಈ ಸಲ ಸ್ಥಾನ ಅದಲುಬದಲಾಗಿತ್ತು. 2030ರ ಚಳಿಗಾಲದ ಕೂಟಕ್ಕೆ ಮೂಲನಿವಾಸಿಗಳೇ ಮುಂದಾಳಾಗಿ ಬಿಡ್ ಸಲ್ಲಿಸುವ ಸಾಧ್ಯತೆ ನೋಡೋಣ ಎಂದು ನಾಲ್ಕು ಜನಾಂಗಗಳು, ವ್ಯಾಂಕೂವರ್, ವಿಸ್ಲರ್ ಪುರಸಭೆಗಳು ಸೇರಿ ಪತ್ರಕ್ಕೆ ಸಹಿ ಹಾಕಿದವು. ಯಾರದೋ ಕೂಟದಲ್ಲಿ ಪಾಲು ಕೇಳುವ ಬದಲು ಕೂಟಕ್ಕೆ ತಾವೇ ಕರೆಯುವುದು. ಒಲಿಂಪಿಕ್ಸ್ ಚರಿತ್ರೆಯಲ್ಲಿ ಇಂಥದ್ದು ಹಿಂದೆ ಆಗಿರಲಿಲ್ಲ.

2022ರ ಅಕ್ಟೋಬರ್ 27ರಂದು ಬ್ರಿಟಿಷ್ ಕೊಲಂಬಿಯಾ ಸರ್ಕಾರ, ಖರ್ಚಿನ ಹೊರೆ ಹೆಚ್ಚು, ನಾವು ಬೆಂಬಲಿಸುವುದಿಲ್ಲ ಎಂದಿತು. ಬಿಡ್ ಅಲ್ಲಿಗೆ ನಿಂತಿತು. ಹಣದ ಮಾತು ಸುಳ್ಳಲ್ಲ, ಆಸ್ಪತ್ರೆ, ಮನೆ, ಶಾಲೆಗಳ ಮುಂದೆ ಒಲಿಂಪಿಕ್ಸ್ ತೂಗಿ ನೋಡುವುದು ಸರ್ಕಾರದ ಕೆಲಸವೇ. ಜನಾಂಗಗಳ ನಾಯಕರಿಗೆ ನೋವಾದದ್ದು ತೀರ್ಮಾನದ ರೀತಿಗೆ: ಎದುರಾಬದುರು ಕೂತು ಮಾತಾಡದೆ ಮುಗಿಸಿದರು ಎಂದು ಅವರು ದೂರಿದರು. ಕೇವಲ ಮೂರು ವರ್ಷಗಳ ಹಿಂದೆ, 2019ರಲ್ಲಿ, ಇದೇ ಪ್ರಾಂತ್ಯ ವಿಶ್ವಸಂಸ್ಥೆಯ ಆ ಘೋಷಣೆಯನ್ನು ತನ್ನ ಕಾನೂನಾಗಿ ಮಾಡಿಕೊಂಡಿತ್ತು.

ಅದೇ 2022ರ ಸೆಪ್ಟೆಂಬರ್‌ನಲ್ಲಿ, ಸರ್ಕಾರ ‘ಇಲ್ಲ’ ಎನ್ನುವುದಕ್ಕೆ ಒಂದೂವರೆ ತಿಂಗಳಿಗೂ ಮೊದಲು, ಬರಾರ್ಡ್ ಸೇತುವೆಯ ದಕ್ಷಿಣ ತುದಿಯಲ್ಲಿ ಇನ್ನೊಂದು ಕೆಲಸಕ್ಕೆ ಗುದ್ದಲಿ ಬಿದ್ದಿತ್ತು. ಆ ಜಾಗದ ಹೆಸರು ಸೆನಾಕ್ವ್. ಅಲ್ಲಿದ್ದ ಸ್ಕ್ವಾಮಿಶ್ ಕುಟುಂಬಗಳನ್ನು 1913ರಲ್ಲಿ ದೋಣಿಗೆ ಹತ್ತಿಸಿ ಸಾಗಹಾಕಿ ಮನೆಗಳನ್ನು ಸುಟ್ಟಿದ್ದರು. ದಶಕಗಟ್ಟಲೆ ಕೋರ್ಟು ಅಲೆದು ಅದರಲ್ಲಿ ಸುಮಾರು 10 ಎಕರೆಯನ್ನು ಸ್ಕ್ವಾಮಿಶ್ ಜನ ಹಿಂದಕ್ಕೆ ಪಡೆದರು. ಅಲ್ಲಿ 11 ಗೋಪುರಗಳು, ಸುಮಾರು 6,000 ಬಾಡಿಗೆ ಮನೆಗಳನ್ನು ಕಟ್ಟುವ ಯೋಜನೆ. ನೆಲ ಅವರದಾದ್ದರಿಂದ ಎಷ್ಟು ಎತ್ತರ ಕಟ್ಟಬೇಕು, ಯಾವ ಚಿತ್ತಾರ ಹಾಕಬೇಕು, ಏನು ಹೆಸರಿಡಬೇಕು ಎಂಬುದಕ್ಕೆ ಅವರು ನಗರಸಭೆಯ ವಲಯ ನಿಯಮಗಳನ್ನು ಕೇಳಬೇಕಿಲ್ಲ. ರ‍್ಯಾಂಕಿನ್ ಇನ್ಲೆಟ್‌ನಿಂದ ಬಂದ ಕಲ್ಲಿನ ಮನುಷ್ಯ ಇಂಗ್ಲಿಷ್ ಬೇ ದಡದಲ್ಲಿ ಇನ್ನೂ ನಿಂತಿದ್ದಾನೆ, ನೀರಿನಾಚೆ ಸೆನಾಕ್ವ್ ಮೇಲೇಳುತ್ತಿದೆ.